ಒಳಪದರದ ಪ್ರಶ್ನೆ

ನಾಚಾರಂ ಮುಖ್ಯರಸ್ತೆಯ ಮೆಡಿಕಲ್ ಶಾಪುಗಳಲ್ಲಿ ಈ ಮಾತ್ರೆಗೆ ಹೆಸರಿಲ್ಲ. ಕೇಳುವವರು ದನಿ ತಗ್ಗಿಸುತ್ತಾರೆ, ಕೊಡುವವರು ಪೇಪರಿನಲ್ಲಿ ಸುತ್ತುತ್ತಾರೆ. 2005ರಿಂದ ಇದನ್ನು ಕೊಳ್ಳಲು ಡಾಕ್ಟರ ಚೀಟಿ ಬೇಕಿಲ್ಲ. ಆದರೂ ಕದ್ದು ತಂದ ಹಾಗೇ ತರುತ್ತೇವೆ.

ಹೋದ ಮಳೆಗಾಲದಲ್ಲಿ ಎಚ್‌ಎಂಟಿ ನಗರದ ನಮ್ಮ ಬಾಡಿಗೆ ಮನೆಯಲ್ಲಿ ಜೊತೆಗಿದ್ದ ರಾಯಚೂರು ಕಡೆಯ ಹುಡುಗಿಯೊಬ್ಬಳು ಮಾತ್ರೆ ನುಂಗಿದ ಮೇಲೆ ಡಬ್ಬಿಯೊಳಗಿನ ಚೀಟಿ ಓದಿದಳು. ಫಲಿತಗೊಂಡ ಅಂಡ ಗರ್ಭಕೋಶದ ಒಳಪದರಕ್ಕೆ ಅಂಟದಂತೆ ಮಾಡಲೂಬಹುದು ಎಂಬರ್ಥದ ಒಂದು ಸಾಲು ಅದರಲ್ಲಿತ್ತು. ಅವತ್ತು ರಾತ್ರಿ ಊಟ ಬಿಟ್ಟು ಕೂತಿದ್ದಳು. “ಅಕ್ಕಾ, ಇದು ಕೊಂದಂಗ ಆಗ್ತದೇನು?”

ನಾನು ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಇದರಲ್ಲಿರುವುದು 1.5 ಮಿಲಿಗ್ರಾಂ ಲಿವೊನಾರ್ಜೆಸ್ಟ್ರೆಲ್. ವೀರ್ಯಾಣು ಒಡಲಿನಲ್ಲಿ ಐದು ದಿನದವರೆಗೂ ಬದುಕಿ ಅಂಡಕ್ಕಾಗಿ ಕಾಯಬಲ್ಲದು. ಈ ಮಾತ್ರೆ ಅಂಡ ಹೊರಬರುವುದನ್ನೇ ಮುಂದೂಡುತ್ತದೆ, ಕಾದವರಿಗೆ ಬಸ್ಸು ಬರುವುದಿಲ್ಲ. ಅಂಡ ಆಗಲೇ ಬಂದಿದ್ದರೆ ಮಾತ್ರೆಯಿಂದ ಏನೂ ಆಗುವುದಿಲ್ಲ. ಚಿಲಿಯ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ: ಅಂಡ ಬಿಡುಗಡೆಗೆ ಮೊದಲೇ ನುಂಗಿದ 103 ಹೆಂಗಸರಲ್ಲಿ 16 ಬಸಿರು ನಿರೀಕ್ಷಿತವಾಗಿತ್ತು, ಒಂದೂ ಆಗಲಿಲ್ಲ. ಬಿಡುಗಡೆಯ ದಿನ ಅಥವಾ ಆಮೇಲೆ ನುಂಗಿದ 45 ಜನರಲ್ಲಿ ಸುಮಾರು 9 ನಿರೀಕ್ಷಿತ, 8 ಆದವು. ಮಾತ್ರೆ ಒಳಪದರವನ್ನು ಕೆಡಿಸುವಂತಿದ್ದರೆ ಆ ಎಂಟು ಆಗುತ್ತಿರಲಿಲ್ಲ. ಸ್ವೀಡನ್ನಿನ ಕರೋಲಿನ್ಸ್ಕಾದಲ್ಲಿ ಒಳಪದರದ ಜೀವಕೋಶಗಳನ್ನು ಲ್ಯಾಬಿನಲ್ಲೇ ಬೆಳೆಸಿ, ಈ ಔಷಧಿ ಹಾಕಿ ನೋಡಿದರು. ಭ್ರೂಣಗಳು ಅಂಟಿಕೊಂಡವು. ಗರ್ಭಪಾತಕ್ಕೆ ಬಳಸುವ ಮಿಫೆಪ್ರಿಸ್ಟೋನ್ ಹಾಕಿದಾಗ ಒಂದೂ ಅಂಟಲಿಲ್ಲ. ಅಮೆರಿಕದ ಎಫ್‌ಡಿಎ ಕೂಡ 2022ರ ಡಿಸೆಂಬರಿನಲ್ಲಿ ತನ್ನ ಹಳೆಯ “ಆಗಬಹುದು” ಸಾಲನ್ನು ಚೀಟಿಯಿಂದ ತೆಗೆಸಿತು.

ಇಷ್ಟೆಲ್ಲ ಹೇಳಿ ಗೆದ್ದವಳಂತೆ ಕೂತೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದ್ರ, ಒಳಪದರ ಕೆಡಿಸಿದ್ದರ ತಪ್ಪಾಗ್ತಿತ್ತೇನು?” ಎಂದಳು.

ನಾನು ಅವಳಿಗೆ ಕೊಟ್ಟಿದ್ದು ಜಾಮೀನು ಮಾತ್ರ. ಆರೋಪವನ್ನು ಒಪ್ಪಿಕೊಂಡೇ ಕೊಟ್ಟಿದ್ದೆ. ನಾಳೆ ಯಾವುದೋ ಲ್ಯಾಬು ಬೇರೆ ಮಾತಾಡಿದರೆ ಅವಳು ಮತ್ತೆ ಕಟಕಟೆಗೆ.

ಹಾಗೆ ನೋಡಿದರೆ ಒಳಪದರದ ಮೇಲೇ ಕೆಲಸ ಮಾಡುವ ಮಾತ್ರೆ ನಮ್ಮದೇ ದೇಶದ್ದಿದೆ: ಸಹೇಲಿ. ಲಖನೌದ ಸಿಡಿಆರ್‌ಐನಲ್ಲಿ ಹುಟ್ಟಿ 1991ರಲ್ಲಿ ಮಾರುಕಟ್ಟೆಗೆ ಬಂತು. ಅದು ಅಂಡ ಬಿಡುಗಡೆಯನ್ನು ಸಾಮಾನ್ಯವಾಗಿ ತಡೆಯುವುದಿಲ್ಲ. ಒಳಪದರ ಸರಿಹೊತ್ತಿಗೆ ಸಿದ್ಧವಾಗದಂತೆ ಮಾಡುತ್ತದೆ. 2016ರಿಂದ ‘ಛಾಯಾ’ ಎಂಬ ಹೆಸರಲ್ಲಿ ಸರ್ಕಾರದ ಕುಟುಂಬ ಯೋಜನೆಯಲ್ಲೂ ಇದೆ. ಮದುವೆಯಾದವಳು ವಾರಕ್ಕೊಂದು ನುಂಗಿದರೆ ಯಾರೂ ಕೊಲೆಯ ಮಾತೆತ್ತುವುದನ್ನು ನಾನು ಕೇಳಿಲ್ಲ. ಹಾಗಾದರೆ ನಮ್ಮ ಹುಡುಗಿಯನ್ನು ಚುಚ್ಚಿದ್ದು ಭ್ರೂಣವೋ, ಅಥವಾ ತಾಳಿಯಿಲ್ಲದ ಕತ್ತೋ?

ಫಲಿತಗೊಂಡ ಅಂಡಗಳಲ್ಲಿ ಬಹಳಷ್ಟು ತಾವಾಗಿಯೇ ಉಳಿಯುವುದಿಲ್ಲ, ಆದ್ದರಿಂದ ಚಿಂತೆ ಬೇಡ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಈ ವಾದ ನನಗೆ ಒಪ್ಪಿಗೆಯಿಲ್ಲ. ಮುದುಕರೂ ತಾವಾಗಿಯೇ ಸಾಯುತ್ತಾರೆ, ಅದರಿಂದ ಯಾರಿಗೂ ಅಪ್ಪಣೆ ಸಿಕ್ಕಂತಾಗುವುದಿಲ್ಲ. ಅಂಟದ ಅಂಡಕ್ಕೂ ಒಂದು ಬೆಲೆ ಇದೆಯೆಂದು ನಂಬುವವರನ್ನು ನಾನು ಗೇಲಿ ಮಾಡಲಾರೆ. ಆದರೆ ನೋವು ಅರಿಯದ, ಇನ್ನೂ ಒಂದು ಆಗಬೇಕೋ ಎರಡಾಗಬೇಕೋ ಎಂಬುದೂ ತೀರ್ಮಾನವಾಗದ ಆ ಜೀವಕೋಶಗಳ ಗುಂಪನ್ನೂ, ಎದುರಿಗೆ ಅನ್ನ ಬಿಟ್ಟು ಕೂತ ಇಪ್ಪತ್ತಮೂರರ ಹುಡುಗಿಯನ್ನೂ ಒಂದೇ ತಕ್ಕಡಿಗೆ ಹಾಕಲು ನನ್ನ ಕೈ ಏಳುವುದಿಲ್ಲ.

ಕನ್ನಡದಲ್ಲಿ ಇದಕ್ಕೆ ‘ನಾಟಿಕೊಳ್ಳುವುದು’ ಎನ್ನುತ್ತೇವೆ. ಮಾತು ಗದ್ದೆಯದು. ನಾನು ಗದ್ದೆ ಇರುವ ಮನೆಯವಳು, ಸಸಿಮಡಿ ಒಣಗಿದಾಗ ಅಪ್ಪ ಮಂಕಾಗುವುದನ್ನು ಕಂಡಿದ್ದೇನೆ. ಆದರೆ ಈ ವರ್ಷ ನಾಟಿ ಬೇಡ ಎನ್ನುವ ಬಾಯಿ ಗದ್ದೆಗಿಲ್ಲ. ಹೆಂಗಸನ್ನು ಕ್ಷೇತ್ರ ಎಂದು ಕರೆದು ಕರೆದು, ಅವಳಿಗೆ ಬಾಯಿದೆ ಎಂಬುದೇ ನಮಗೆ ಮರೆತ ಹಾಗಿದೆ.

ಇದನ್ನೆಲ್ಲ ಆ ರಾತ್ರಿ ಹೇಳಲು ಬರಲಿಲ್ಲ. “ನನ್ನ ಪ್ರಕಾರ ಆಗ್ತಿರಲಿಲ್ಲ, ಒಳಪದರ ಕೆಡಿಸಿದ್ರೂನೂ” ಎಂದಷ್ಟೇ ಅಂದು ಮೊಸರನ್ನ ಕಲೆಸಿ ಇಟ್ಟೆ. ಅರ್ಧ ತಿಂದಳು.

ಹತ್ತು ದಿನಕ್ಕೆ ಮುಟ್ಟಾದಳು. ಮಾತ್ರೆ ತಡೆಯಿತೋ, ತಡೆಯುವುದಕ್ಕೆ ಏನಾದರೂ ಇತ್ತೋ ಇಲ್ಲವೋ, ಅದನ್ನು ನನ್ನ ಲ್ಯಾಬೂ ಹೇಳಲಾರದು. ಅವಳು ಕೇಳಲೂ ಇಲ್ಲ. ಆ ಚೀಟಿಯನ್ನು ಮಾತ್ರ ಮಡಚಿ ಡೈರಿಯಲ್ಲಿ ಇಟ್ಟುಕೊಂಡಿದ್ದಾಳೆ.