ನಡುವೆ ಬಂದ ಮಾತು

ಹೊಸ ವರ್ಷದ ವಾಗ್ದಾನದ ಕಾರ್ಡುಗಳಲ್ಲಿ, ಕ್ರೈಸ್ತರ ಮನೆಗಳ ಗೋಡೆಗಳಲ್ಲಿ ಬೈಬಲಿನ ಪ್ರಲಾಪಗಳ ಪುಸ್ತಕದ ಮೂರನೆಯ ಅಧ್ಯಾಯದ 22, 23ನೆಯ ವಚನಗಳು ಆಗಾಗ ಕಣ್ಣಿಗೆ ಬೀಳುತ್ತವೆ. ದೇವರ ಕರುಣೆ ಮುಗಿದುಹೋಗಿಲ್ಲ, ಬೆಳಗಾದಂತೆಲ್ಲ ಅದು ಹೊಸದಾಗುತ್ತದೆ ಎಂಬುದು ಅವುಗಳ ತಾತ್ಪರ್ಯ. ಹಿಂದೆ ಒಂದು ಸೂರ್ಯೋದಯದ ಚಿತ್ರ ಇದ್ದೇ ಇರುತ್ತದೆ.

ಆ ಮಾತು ಹುಟ್ಟಿದ ಊರಿನ ಬೆಳಗು ಹಾಗಿರಲಿಲ್ಲ. ಕ್ರಿ.ಪೂ. 586ರ ಸುಮಾರಿಗೆ ಬ್ಯಾಬಿಲೋನಿನ ಸೇನೆ ಯೆರೂಸಲೇಮಿಗೆ ಮುತ್ತಿಗೆ ಹಾಕಿ, ಕೊನೆಗೆ ದೇವಾಲಯವನ್ನೂ ಸುಟ್ಟಿತು. ಮಕ್ಕಳು ರೊಟ್ಟಿ ಬೇಡಿದರೆ ಮುರಿದು ಕೊಡುವವರಿರಲಿಲ್ಲ. ಮೃದು ಮನಸ್ಸಿನ ತಾಯಂದಿರೇ ಹೆತ್ತ ಕೂಸುಗಳನ್ನು ಬೇಯಿಸಿದರೆಂದು ನಾಲ್ಕನೆಯ ಅಧ್ಯಾಯ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಬರೆದವನು ಪ್ರವಾದಿ ಯೆರೆಮೀಯನೆಂದು ಸಂಪ್ರದಾಯ. ಪುಸ್ತಕ ಮಾತ್ರ ಯಾರ ಹೆಸರನ್ನೂ ಹೇಳುವುದಿಲ್ಲ. ಮೂರನೆಯ ಅಧ್ಯಾಯದ 18ನೆಯ ವಚನದಲ್ಲಿ ಬರೆದವನು ತನ್ನ ನಿರೀಕ್ಷೆಯೇ ಹಾಳಾಯಿತೆನ್ನುತ್ತಾನೆ. ಅಲ್ಲಿಂದ ನಾಲ್ಕೇ ವಚನಕ್ಕೆ ಕರುಣೆಯ ಮಾತು. ನಡುವೆ ಶತ್ರು ಹಿಂದೆ ಸರಿಯಲಿಲ್ಲ, ಹಸಿವು ನೀಗಲಿಲ್ಲ. ಅವನು ದೇವರನ್ನು ನೆನೆದುಕೊಂಡ, ಅಷ್ಟೆ.

24ನೆಯ ವಚನದಲ್ಲಿ ಅವನು ದೇವರನ್ನೇ ತನ್ನ ಪಾಲೆನ್ನುತ್ತಾನೆ. ಕಾನಾನ್ ನಾಡನ್ನು ಇಸ್ರಾಯೇಲಿನ ಕುಲಗಳಿಗೆ ಹಂಚಿದಾಗ ದೇವರ ಸೇವೆಗಿದ್ದ ಲೇವಿಯರಿಗೆ ಭೂಮಿಯ ಪಾಲು ಸಿಗಲಿಲ್ಲ. ದೇವರೇ ಅವರ ಪಾಲೆಂದು ಮೊದಲೇ ಹೇಳಲಾಗಿತ್ತು. ಈಗ ಹೊಲಮನೆ ಅನ್ಯರ ವಶವಾದವನೊಬ್ಬ ಅದೇ ಹಕ್ಕನ್ನು ಕೇಳುತ್ತಿದ್ದಾನೆ. ಆಸ್ತಿ ಭದ್ರವಾಗಿರುವವರ ಬಾಯಲ್ಲಿ ಈ ವಚನಕ್ಕೆ ಅಷ್ಟು ತೂಕ ಬರುವುದಿಲ್ಲವೇನೋ.

ಕರುಣೆ ದಿನವೂ ಹೊಸದಾಗಬೇಕಾದರೆ ನಿನ್ನೆಯದು ಇವತ್ತಿಗೆ ಸಾಲದು ಎಂದಾಯಿತು. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಸಿಗುತ್ತಿದ್ದ ಆಹಾರವಾದ ಮನ್ನವೂ ಹೀಗೆಯೇ. ಮರುದಿನಕ್ಕೆಂದು ಎತ್ತಿಟ್ಟರೆ ಹುಳ ಬೀಳುತ್ತಿತ್ತು. ಆದ್ದರಿಂದಲೇ ಇರಬೇಕು, 44ಕ್ಕೆ ಬರುವಷ್ಟರಲ್ಲಿ ಅದೇ ಬಾಯಿ ತನ್ನ ಪ್ರಾರ್ಥನೆ ತಲುಪದಂತೆ ದೇವರು ಮೋಡದಲ್ಲಿ ಮರೆಯಾಗಿದ್ದಾನೆಂದು ದೂರುತ್ತದೆ. ಪುಸ್ತಕ ಮುಗಿಯುವುದೂ ದೇವರು ನಮ್ಮನ್ನು ತೀರಾ ತಳ್ಳಿಬಿಟ್ಟನೇನೋ ಎಂಬ ಅಳುಕಿನಲ್ಲಿ. ಅಲ್ಲಿಗೆ ನಿಲ್ಲಿಸಲು ಮನಸ್ಸಾಗದೆ ಯೆಹೂದ್ಯರು ಅದರ ಹಿಂದಿನ ವಚನವನ್ನು ಮತ್ತೆ ಓದಿ ಮುಗಿಸುವ ರೂಢಿಯಿದೆ.

ಕ್ರೈಸ್ತ ನಿರೀಕ್ಷೆಯೂ ಈ ಗೋಳನ್ನು ಅಳಿಸಿಹಾಕಲಿಲ್ಲ. ಕೈಬಿಟ್ಟದ್ದೇಕೆಂದು ಯೇಸು ಶಿಲುಬೆಯಿಂದಲೇ ಕೂಗಿ ಕೇಳಿದ. ಸತ್ತು ಎದ್ದುಬಂದ ಮೇಲೂ ಶಿಷ್ಯ ತೋಮನಿಗೆ ತೋರಿಸಿದ್ದು ಗಾಯಗಳನ್ನೇ. ಹಾಗಿರುವಾಗ ಸಾವಿನ ಮನೆಗೆ ಹೋಗಿ ಆ ಎರಡು ವಚನವನ್ನಷ್ಟೇ ಓದಿ, ಅಳಬೇಡಿ ಎಂದು ಎದ್ದುಬರುವ ಪದ್ಧತಿ ನನಗೆ ಹಿಡಿಸದು. ಓದುವುದಾದರೆ ಅಧ್ಯಾಯವನ್ನು ಮೊದಲಿನಿಂದ ಓದಬೇಕು, ದೂರನ್ನೂ ಬಿಡದೆ. 66 ವಚನಗಳಿಗೆ ಹತ್ತು ನಿಮಿಷ ಸಾಕು.