ವಾಹನದ ಮೋಹ

ಕ್ರಿ.ಶ. 400ಕ್ಕೆ ಕೆಲವೇ ವರ್ಷ ಮುಂಚೆ, ಉತ್ತರ ಆಫ್ರಿಕಾದ ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟೀನ್ ಬೈಬಲನ್ನು ಓದುವ ಬಗೆ ತಿಳಿಸುವ ಗ್ರಂಥವೊಂದಕ್ಕೆ ಕೈಹಾಕಿದರು. ಅದರ ಮೊದಲ ಭಾಗದಲ್ಲೇ ಪರದೇಶದಲ್ಲಿ ಅಲೆಯುವ ಒಬ್ಬ ಪಯಣಿಗ ಬರುತ್ತಾನೆ. ತಾಯ್ನಾಡು ಸೇರಿದರೆ ಮಾತ್ರ ಅವನಿಗೆ ನೆಮ್ಮದಿ. ನೆಲದಲ್ಲೋ ನೀರಿನಲ್ಲೋ ಸಾಗಲು ವಾಹನ ಬೇಕೇ ಬೇಕು. ಆದರೆ ದಾರಿಯ ಸೊಬಗು, ವಾಹನ ಓಡುವ ಸುಖ ಇವೇ ಅವನ ಮನಸ್ಸನ್ನು ಹಿಡಿದುಬಿಟ್ಟರೆ ಊರಿನ ನೆನಪು ಮಸುಕಾಗುತ್ತದೆ, ಬೇಗ ತಲುಪುವ ಆಸೆಯೂ ಸಾಯುತ್ತದೆ. ಲೋಕದ ವಸ್ತುಗಳು ಬಳಕೆಗೆ ಇರುವಂಥವು, ಸವಿಯಬೇಕಾದದ್ದು ದೇವರನ್ನು ಮಾತ್ರ ಎಂಬುದು ಅಗಸ್ಟೀನರ ನಿಲುವು. ವಾಹನವನ್ನು ಸವಿಯುತ್ತ ಕೂತವನು ದಾರಿ ತಪ್ಪಿದವನೇ.

ಅವರು ನೆನೆದದ್ದು ಗಾಡಿಯನ್ನು, ಹಡಗನ್ನು. ಹದಿನೈದು ಶತಮಾನ ಕಳೆದ ಮೇಲೆ ಇಂಗ್ಲೆಂಡಿನ ಇನ್ನೊಬ್ಬ ಬಿಷಪ್ ಈ ಎಚ್ಚರಿಕೆಗೆ ಎದುರಾಗಿಯೇ ಬದುಕಿದರು. ಎರಿಕ್ ಟ್ರೀಸಿ (1907–1978) ಯಾರ್ಕ್‌ಶೈರ್‌ನ ವೇಕ್‌ಫೀಲ್ಡ್‌ನ ಬಿಷಪ್ ಆಗಿದ್ದವರು. ರೈಲುಗಳ ಚಿತ್ರ ತೆಗೆದವರಲ್ಲಿ ಬ್ರಿಟನ್ ಕಂಡ ದೊಡ್ಡ ಹೆಸರುಗಳಲ್ಲಿ ಅವರದೂ ಒಂದು. ಅವರ ಸುಮಾರು 12,000 ಚಿತ್ರಗಳ ಸಂಗ್ರಹ ಈಗ ಯಾರ್ಕ್‌ನ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯದಲ್ಲಿದೆ.

1978ರ ಮೇ 13ರಂದು, ಪೆನೈನ್ ಬೆಟ್ಟಸಾಲಿನ ಆಚೆ ಬದಿಯ ಆ್ಯಪಲ್‌ಬಿ ನಿಲ್ದಾಣದಲ್ಲಿ ಅವರು ಒಂದು ವಿಶೇಷ ರೈಲಿಗಾಗಿ ಕಾದಿದ್ದರು. ಅದನ್ನು ಎಳೆದು ತರಬೇಕಿದ್ದದ್ದು 'ಈವ್ನಿಂಗ್ ಸ್ಟಾರ್'. 1960ರಲ್ಲಿ ಸ್ವಿಂಡನ್ ಕಾರ್ಖಾನೆಯಿಂದ ಹೊರಬಂದ, ಬ್ರಿಟಿಷ್ ರೈಲ್ವೇಸ್ ಕಟ್ಟಿದ ಕಟ್ಟಕಡೆಯ ಉಗಿ ಎಂಜಿನ್ ಅದು. ನಿಲ್ದಾಣದಲ್ಲೇ ಟ್ರೀಸಿ ಕುಸಿದು ತೀರಿಕೊಂಡರು. ಅವರಿಗೆ ಎಪ್ಪತ್ತು ವರ್ಷ. ನಿವೃತ್ತರಾಗಿ ಎರಡೇ ವರ್ಷ ಆಗಿತ್ತು.

ಅಗಸ್ಟೀನರ ಲೆಕ್ಕದಲ್ಲಿ ಈ ಸಾವನ್ನು ಎಲ್ಲಿಡಬೇಕು? ಪಾದ್ರಿಗೂ ಒಂದು ಹವ್ಯಾಸ ಇರಬಾರದೇ ಎಂದು ಕೇಳಿ ಸುಮ್ಮನಾಗಬಹುದು. ಆದರೆ ಆ ಉತ್ತರ ಟ್ರೀಸಿಯವರಿಗೂ ಅಗಸ್ಟೀನರಿಗೂ ಅನ್ಯಾಯ ಮಾಡುತ್ತದೆ. ಹನ್ನೆರಡು ಸಾವಿರ ಚಿತ್ರಗಳು ಬಿಡುವಿನ ವೇಳೆಯ ಆಟವಲ್ಲ. ಒಂದು ಜೀವ ನಾಲ್ಕು ದಶಕ ಕಾಲ ಒಂದೇ ಕಡೆಗೆ ಒಲಿದದ್ದರ ಗುರುತು. ಆ ಒಲವು ಭಕ್ತಿಗೆ ಅಡ್ಡವೋ, ಭಕ್ತಿಯ ಒಂದು ಬಗೆಯೋ ಎಂಬ ಪ್ರಶ್ನೆಯನ್ನು ನೇರವಾಗಿಯೇ ಎತ್ತಬೇಕು.

ಆ್ಯಪಲ್‌ಬಿ ಇರುವುದು ಸೆಟಲ್–ಕಾರ್ಲೈಲ್ ಮಾರ್ಗದಲ್ಲಿ. ಸುಮಾರು 116 ಕಿ.ಮೀ. ಉದ್ದದ ಈ ಹಳಿಯನ್ನು ಮಿಡ್‌ಲೆಂಡ್ ರೈಲ್ವೆ ಕಂಪನಿ 1869ರಲ್ಲಿ ಹಾಕಲು ತೊಡಗಿತು. 1875ರಲ್ಲಿ ಗೂಡ್ಸ್ ಗಾಡಿಗಳು, 1876ರ ಮೇ 1ರಿಂದ ಪ್ರಯಾಣಿಕರ ಗಾಡಿಗಳು ಓಡತೊಡಗಿದವು. ಸೆಟಲ್‌ನಿಂದ ಉತ್ತರಕ್ಕೆ ಸುಮಾರು 24 ಕಿ.ಮೀ. ದೂರ ಬಹುಪಾಲು ಬಿಡುವಿಲ್ಲದ ಏರು: ನೂರು ಅಡಿ ಮುಂದೆ ಹೋದರೆ ಒಂದಡಿ ಮೇಲೆ. ಎಂಜಿನ್ ನಡೆಸುವವರು ಇದಕ್ಕೆ 'ಲಾಂಗ್ ಡ್ರ್ಯಾಗ್' ಎಂದು ಹೆಸರಿಟ್ಟರು. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಗೂಡ್ಸ್ ಗಾಡಿಯ ಹಿಂದೆ ಬ್ಯಾಂಕರ್ ಎಂಜಿನ್‌ಗಳು ಒತ್ತಿಕೊಟ್ಟು ಏದುಸಿರು ಬಿಡುವುದನ್ನು ಕಂಡವರಿಗೆ ಇದು ಕಡಿಮೆ ಅನ್ನಿಸಬಹುದು. ಅಲ್ಲಿಯ ಏರು ಐವತ್ತಕ್ಕೆ ಒಂದು. ಆದರೆ ಸಲಿಕೆಯಿಂದ ಕಲ್ಲಿದ್ದಲು ತುಂಬುವ ಫೈರ್‌ಮನ್ ಒಬ್ಬನ ತೋಳಿಗೆ ನೂರಕ್ಕೆ ಒಂದೂ ಸಾಕುಸಾಕು. ರಿಬಲ್‌ಹೆಡ್‌ನ 24 ಕಮಾನುಗಳ ಸೇತುವೆ ದಾಟಿ, ಬ್ಲೀ ಮೂರ್ ಸುರಂಗ ಹೊಕ್ಕು ಹೊರಬಂದ ಮೇಲೂ ಹತ್ತುವುದು ಉಳಿದಿರುತ್ತದೆ. ಐಸ್ ಗಿಲ್ ನೆತ್ತಿ ಇರುವುದು 1,169 ಅಡಿ ಎತ್ತರದಲ್ಲಿ.

ಚಿತ್ರ ತೆಗೆಯುವವರು ಈ ಏರನ್ನು ಹುಡುಕಿಕೊಂಡು ಬರಲು ಕಾರಣವಿದೆ. ಇಳಿಜಾರಿನಲ್ಲಿ ಎಂಜಿನ್ ಸುಮ್ಮನೆ ಜಾರುತ್ತದೆ, ಏರಿನಲ್ಲಿ ದುಡಿಯುತ್ತದೆ. ಚಳಿಗಾಳಿಗೆ ತಗುಲಿದ ಉಗಿ ಬೆಳ್ಳಗೆ ಮೇಲೇಳುತ್ತದೆ, ದೂರದಿಂದಲೇ ಸದ್ದು ಕೇಳುತ್ತದೆ. ಆದರೂ ಚಿತ್ರ ಕೈಗೆ ಸಿಗುವುದು ಒಂದು ಚಣದಲ್ಲಿ. ಗಂಟೆಗೆ 80 ಕಿ.ಮೀ. ವೇಗದ ಗಾಡಿ, ಷಟರ್ ಸೆಕೆಂಡಿನ ಐನೂರರಲ್ಲಿ ಒಂದು ಪಾಲು ತೆರೆದಿದ್ದರೂ ನಾಲ್ಕು ಸೆಂಟಿಮೀಟರಿಗಿಂತ ಹೆಚ್ಚು ಸರಿದಿರುತ್ತದೆ. ಆ ಚಣದಲ್ಲಿ ಮೋಡ ಬಂದು ಬಿಸಿಲು ಮುಚ್ಚಿದರೆ ಅಂದಿನ ಕೆಲಸ ಮುಗಿದಂತೆ. ತೇರು ಬರುವ ದಾರಿಯಲ್ಲಿ ಬಾಳೆಹಣ್ಣು ದವನ ಹಿಡಿದು ನಿಂತ ಹರಕೆಯವರಂತೆ ಕಾಯಬೇಕು, ಅಷ್ಟೆ. ಗಾಡಿಯನ್ನು ಕರೆಯಲಾಗದು, ನಿಲ್ಲಿಸಲಾಗದು, ಇನ್ನೊಮ್ಮೆ ಹಾದು ಹೋಗು ಎನ್ನಲೂ ಆಗದು.

ಈ ಕಾಯುವಿಕೆಗೆ ತತ್ತ್ವದ ಬಲ ಒದಗಿಸಬಲ್ಲವರು ಫ್ರಾನ್ಸಿನ ಸಿಮೋನ್ ವೇಯ್ (1909–1943). ಬೇರೇನೂ ಬೆರೆಯದ ಪೂರ್ಣ ಗಮನಕ್ಕೂ ಪ್ರಾರ್ಥನೆಗೂ ಅವರು ಭೇದ ಕಾಣಲಿಲ್ಲ. 1934–35ರಲ್ಲಿ ಕಾರ್ಖಾನೆಗಳಿಗೆ ಕೂಲಿಯಾಗಿ ಸೇರಿ ದುಡಿದಿದ್ದ ಅವರಿಗೆ ಯಂತ್ರಗಳ ಗದ್ದಲ ಪುಸ್ತಕದಿಂದ ತಿಳಿದದ್ದಾಗಿರಲಿಲ್ಲ. ಸಂಸ್ಕೃತ ಕಲಿತು ಗೀತೆ, ಉಪನಿಷತ್ತುಗಳನ್ನೂ ಓದಿದ್ದರು. ಸೌಂದರ್ಯದ ವಿಚಾರ ಬಂದಾಗ ಒಂದೇ ಮರದ ಮೇಲಿನ ಎರಡು ಹಕ್ಕಿಗಳನ್ನು ನೆನೆಯುತ್ತಾರೆ. ಮುಂಡಕದಲ್ಲಿ ಬರುವ, ನಮ್ಮಲ್ಲಿ ಅನೇಕರು ಬಲ್ಲ ಹಕ್ಕಿಗಳವು: ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ತಿನ್ನದೆ ನೋಡುತ್ತದೆ. ಮನುಷ್ಯನ ತೊಡಕಿರುವುದು ನೋಡುವುದೂ ತಿನ್ನುವುದೂ ಬೇರೆ ಬೇರೆ ಆಗಿರುವುದರಲ್ಲಿ ಎಂದು ವೇಯ್ ಭಾವಿಸಿದರು. ಚೆಲುವಾದದ್ದನ್ನು ದೂರವಿಟ್ಟೇ ಪ್ರೀತಿಸಲು ಕಲಿಯಬೇಕು.

ಹಾಗಾದರೆ ಹಳಿಯ ಪಕ್ಕ ಕ್ಯಾಮೆರಾ ಹಿಡಿದವನು ಯಾವ ಹಕ್ಕಿ?

ಎರಡೂ ಆಗಬಲ್ಲ. 2016ರ ಫೆಬ್ರವರಿ 25ರಂದು, ರಿಪೇರಿ ಮುಗಿಸಿದ 'ಫ್ಲೈಯಿಂಗ್ ಸ್ಕಾಟ್ಸ್‌ಮನ್' ಉಗಿ ಎಂಜಿನ್ ಲಂಡನ್‌ನಿಂದ ಯಾರ್ಕ್‌ಗೆ ಹೊರಟಾಗ ಜನ ಚಿತ್ರಕ್ಕಾಗಿ ಹಳಿಯ ಮೇಲೇ ಇಳಿದುಬಿಟ್ಟರು. ರೈಲನ್ನು ನಡುದಾರಿಯಲ್ಲಿ ನಿಲ್ಲಿಸಬೇಕಾಯಿತು. ಅದು ತಿನ್ನುವ ಹಕ್ಕಿಯ ನಡತೆ. ಇನ್ನೂ ಸೂಕ್ಷ್ಮವಾದ ತಿನ್ನುವಿಕೆಯೂ ಉಂಟು. ದಟ್ಟ ಕಪ್ಪು ಹೊಗೆ ಚಿತ್ರದಲ್ಲಿ ಗಂಭೀರವಾಗಿ ಕಾಣುತ್ತದೆ. ಕಲ್ಲಿದ್ದಲು ಸರಿಯಾಗಿ ಉರಿಯದೆ ಪೋಲಾಗುತ್ತಿದೆ ಎಂಬುದು ಫೈರ್‌ಮನ್‌ಗೆ ಅದರಲ್ಲಿ ಕಾಣುತ್ತದೆ. ಚಿತ್ರದ ಹಸಿವು ಅವನ ಕಸುಬಿನ ಸೋಲನ್ನೇ ಬಯಸಿಬಿಡಬಹುದು.

ಟ್ರೀಸಿಯವರ ಕಥೆಯಲ್ಲಿ ಗಮನಿಸಬೇಕಾದದ್ದು ಇಲ್ಲಿದೆ. 1930ರ ದಶಕದಲ್ಲಿ ಅವರು ಲಿವರ್‌ಪೂಲ್‌ನ ಎಡ್ಜ್ ಹಿಲ್‌ನಲ್ಲಿ ಪಾದ್ರಿಯಾಗಿದ್ದರು. ಎಂಜಿನ್ ಶೆಡ್ ಇದ್ದ, ರೈಲಿನಿಂದಲೇ ಅನ್ನ ಕಾಣುವ ಬಡಾವಣೆ ಅದು. ಅಲ್ಲಿಯ ಡ್ರೈವರುಗಳು, ಫೈರ್‌ಮನ್‌ಗಳೇ ಅವರ ಪ್ಯಾರಿಷ್‌ನ ಜನ. ಯಂತ್ರದ ಮೋಹ ಅವರನ್ನು ಯಂತ್ರ ನಡೆಸುವವರ ಬಳಿಗೆ ಒಯ್ದಿತು. ಎಂಜಿನ್ನಿನ ಫುಟ್‌ಪ್ಲೇಟ್ ಏರಿ ಅವರ ಜೊತೆ ಪ್ರಯಾಣಿಸಿದರು, ಅವರ ಗೆಳೆಯರಾದರು. ಮುಂದೆ ಬಿಷಪ್ ಆದಾಗಲೂ ಆ ನಂಟು ತಪ್ಪಲಿಲ್ಲ. ಇಂದಿಗೂ ಉಳಿದಿರುವ ಒಂದು 'ಬ್ಲ್ಯಾಕ್ ಫೈವ್' ಉಗಿ ಎಂಜಿನ್ ಅವರ ಹೆಸರು ಹೊತ್ತಿದೆ.

ಅಗಸ್ಟೀನರ ಪಯಣಿಗ ವಾಹನದ ಸುಖದಲ್ಲಿ ತನ್ನೊಳಗೇ ಮುಳುಗುತ್ತಾನೆ. ಇಲ್ಲಿ ವಾಹನದ ಮೇಲಿನ ಪ್ರೀತಿ ಒಬ್ಬನನ್ನು ತನ್ನಿಂದ ಹೊರಗೆ ಕರೆತಂದಿತು. ಈ ವ್ಯತ್ಯಾಸ ಸಣ್ಣದಲ್ಲ.

ಗಮನ ಎಂಬುದು ಈ ಮಾರ್ಗದಲ್ಲಿ ಬರಿಯ ಧ್ಯಾನದ ಮಾತಾಗಿ ಉಳಿಯುವುದೂ ಇಲ್ಲ. 1910ರ ಕ್ರಿಸ್‌ಮಸ್ ಮುನ್ನಾದಿನದ ನಸುಕು. ಹಾವ್ಸ್ ಜಂಕ್ಷನ್‌ನಲ್ಲಿ ರಾತ್ರಿಯಿಡೀ ಗಾಡಿಗಳ ಸಂದಣಿ ಇತ್ತು. ಬೇರೆ ಗಾಡಿಗಳಿಗೆ ಏರಿನಲ್ಲಿ ನೆರವಾಗಿ ಬಂದಿದ್ದ ಎಂಜಿನ್‌ಗಳು ಮನೆಗೆ ಮರಳಲು ಕಾದಿದ್ದವು. ಅಂಥ ಎರಡು ಎಂಜಿನ್‌ಗಳನ್ನು ಮುಖ್ಯ ಹಳಿಯ ಮೇಲೆ ನಿಲ್ಲಿಸಿದ್ದ ಸಿಗ್ನಲ್‌ಮನ್ ಅವು ಅಲ್ಲಿರುವುದನ್ನೇ ಮರೆತ. ಗ್ಲಾಸ್ಗೋ ಕಡೆಯ ಎಕ್ಸ್‌ಪ್ರೆಸ್‌ಗೆ ಸಿಗ್ನಲ್ ಕೊಟ್ಟ. ಅದೇ ಸಿಗ್ನಲ್ ಕಂಡು ಎಂಜಿನ್‌ಗಳೂ ಹೊರಟವು. ಹಿಂದಿನಿಂದ ಎಕ್ಸ್‌ಪ್ರೆಸ್ ಬಂದು ಬಡಿಯಿತು, ಬೋಗಿಗಳ ಗ್ಯಾಸ್ ದೀಪಗಳಿಂದ ಬೆಂಕಿ ಹಬ್ಬಿತು. ಹನ್ನೆರಡು ಜನ ಸತ್ತರು. ಅವನು ಕೆಟ್ಟವನಲ್ಲ, ದಣಿದವನು. ತನ್ನ ಕಣ್ಣಿಗೆ ಒಪ್ಪಿಸಿದ್ದನ್ನು ಮರೆಯದಿರುವುದು ಎಷ್ಟು ದೊಡ್ಡ ಹೊರೆ ಎಂಬುದನ್ನು ಬೆಟ್ಟದ ಮೇಲೆ ಒಂಟಿ ಕ್ಯಾಬಿನ್‌ನಲ್ಲಿ ಕೂತ ಇಂಥವರು ಪ್ರತಿ ರಾತ್ರಿಯೂ ಬಲ್ಲರು. ಪ್ರಾರ್ಥನೆಯೇ ಗಮನ ಎನ್ನುವವರು ಇವರ ಗಮನವನ್ನೂ ಆ ಲೆಕ್ಕಕ್ಕೆ ಸೇರಿಸಬೇಕಾಗುತ್ತದೆ.

ರಿಬಲ್‌ಹೆಡ್‌ನ ಸೇತುವೆಯಂತೂ ಕ್ಯಾಲೆಂಡರುಗಳಲ್ಲಿ, ಅಂಚೆ ಕಾರ್ಡುಗಳಲ್ಲಿ ಲೆಕ್ಕವಿಲ್ಲದಷ್ಟು ಸಲ ಅಚ್ಚಾಗಿದೆ. ಛಾಯಾಗ್ರಾಹಕರು ಸ್ಟ್ಯಾಂಡ್ ಊರುವ ಬ್ಯಾಟಿ ಮಾಸ್ ಎಂಬ ಜವುಗು ಬಯಲಿನಲ್ಲೇ 1870ರ ದಶಕದಲ್ಲಿ ಕೂಲಿಕಾರರ ಗುಡಿಸಲೂರುಗಳಿದ್ದವು. ಅವುಗಳ ಹೆಸರು ಸೆಬಾಸ್ಟೊಪೋಲ್, ಇಂಕರ್‌ಮನ್, ಜೆರಿಕೋ, ಜೆರುಸಲೇಮ್. ಕೆಸರು, ಚಳಿ, ಮದ್ದಿನ ಸಿಡಿತ; 1871ರಲ್ಲಿ ಸಿಡುಬು. ಹತ್ತಿರದ ಚಾಪಲ್-ಲ-ಡೇಲ್‌ನ ಸಂತ ಲೆನರ್ಡ್ ಚರ್ಚಿನ ಸ್ಮಶಾನಕ್ಕೆ ಜಾಗ ಸಾಲದೆ ಅದನ್ನು ಹಿಗ್ಗಿಸಬೇಕಾಯಿತು. ಕೂಲಿಕಾರರು, ಅವರ ಹೆಂಡಿರು ಮಕ್ಕಳು ಸೇರಿ ಇನ್ನೂರಕ್ಕೂ ಹೆಚ್ಚು ಜನರನ್ನು ಅಲ್ಲಿ ಹೂಳಿದರು. ತಾಯ್ನಾಡಿನ ಕಡೆಗೆ ನಡೆದ ಪಯಣದ ಕೊನೆಗೆ ಜೆರುಸಲೇಮ್ ಇದೆ ಎಂದು ಕ್ರೈಸ್ತರು ನಂಬುತ್ತಾರೆ. ಇಲ್ಲಿಯ ಜೆರುಸಲೇಮ್ ಹಲಗೆಯ ಗುಡಿಸಲುಗಳ ಸಾಲಾಗಿತ್ತು, ಅಲ್ಲಿದ್ದವರು ಬೇರೆಯವರ ಪಯಣಕ್ಕೆ ಹಾದಿ ಹಾಕುತ್ತಿದ್ದರು. ಸೇತುವೆ ಸುಂದರವಾಗಿದೆ ಎನ್ನುವವರು ಆ ಸ್ಮಶಾನಕ್ಕೂ ಒಮ್ಮೆ ಹೋಗಿಬರಬೇಕು. ಇಲ್ಲದಿದ್ದರೆ ಆ ಸೌಂದರ್ಯವನ್ನು ಅವರು ಅರ್ಧವೇ ಕಂಡಂತೆ.

ಗೂಡ್ಸ್ ಗಾಡಿಯ ಮಾತೂ ಇದಕ್ಕೆ ಹೊಂದಿದ್ದೇ. ಉಗಿ ಎಂಜಿನ್ನಿನ ವಿಶೇಷ ರೈಲು ಬರುವ ದಿನ ಗುಡ್ಡದ ತುಂಬ ಜನ. ರಿಬಲ್ಸ್‌ಡೇಲ್ ಕಲ್ಲುಗಣಿಗಳಿಂದ ರಸ್ತೆಗೆ ಹಾಕುವ ಜಲ್ಲಿ ಹೊತ್ತ ವ್ಯಾಗನ್‌ಗಳು ಹೊರಟಾಗ ಹೆಚ್ಚು ಮಂದಿ ಇರುವುದಿಲ್ಲ. 1960ರ ದಶಕದಲ್ಲಿ ಲಾಂಗ್ ಮೆಗ್ ಗಣಿಯ ಆನ್‌ಹೈಡ್ರೈಟ್ ಖನಿಜ ಎಳೆಯುತ್ತಿದ್ದ ಕೊಳಕು ಗಾಡಿಗಳೂ ಆಗ ಹೀಗೇ ದಿನನಿತ್ಯದ ಗಾಡಿಗಳು. ಈಗ ಅವುಗಳ ಚಿತ್ರಗಳಿಗೆ ಎಲ್ಲಿಲ್ಲದ ಬೆಲೆ. ಹೊಳೆಯುವುದನ್ನು ಯಾರಾದರೂ ನೋಡಿಯಾರು. ತಿನ್ನಲು ರುಚಿಯೇ ಇಲ್ಲದ್ದನ್ನು ಮಳೆಯಲ್ಲಿ ನಿಂತು ನೋಡುವವರು ಎರಡನೆಯ ಹಕ್ಕಿಗೆ ಹೆಚ್ಚು ಹತ್ತಿರದವರು.

ಇನ್ನು ಬಾಂಧವ್ಯದ ಮಾತು. ಬ್ರಿಟಿಷ್ ರೈಲ್ವೇಸ್‌ನ ಉಗಿಯುಗ ಮುಗಿದದ್ದು 1968ರ ಆಗಸ್ಟ್ 11ರಂದು. ಅಂದಿನ ಕೊನೆಯ ಗಾಡಿ ಹಾದುಹೋದದ್ದೂ ಇದೇ ಬೆಟ್ಟದ ಮೇಲೆ. 1980ರ ದಶಕದಲ್ಲಿ ಮಾರ್ಗವನ್ನೇ ಮುಚ್ಚುವ ಪ್ರಸ್ತಾಪ ಬಂತು. ರಿಬಲ್‌ಹೆಡ್ ಸೇತುವೆಯ ರಿಪೇರಿಗೆ ತಗಲುವ ಖರ್ಚು ಮುಖ್ಯ ಕಾರಣ. 22,000ಕ್ಕೂ ಹೆಚ್ಚು ಜನ ಆಕ್ಷೇಪಣೆ ಸಲ್ಲಿಸಿದರು. ಅವುಗಳಲ್ಲೊಂದು ರಸ್‌ವರ್ಪ್ ಎಂಬ ಕೋಲಿ ನಾಯಿಯದು, ಸಹಿಯ ಜಾಗದಲ್ಲಿ ಪಂಜದ ಗುರುತು. ಅದಕ್ಕೂ ಟಿಕೆಟ್ ಪಡೆದೇ ಪ್ರಯಾಣ ಮಾಡಿಸುತ್ತಿದ್ದ ಕಾರಣ ಅದರ ಆಕ್ಷೇಪಣೆಯನ್ನೂ ಒಪ್ಪಿಕೊಂಡರು. ನಾಯಿಯ ಒಡೆಯ ಗ್ರಹಾಂ ನಟ್ಟಲ್ ಈ ಹೋರಾಟದ ಮುಂದಾಳುಗಳಲ್ಲಿ ಒಬ್ಬರು. 1990ರ ಜನವರಿಯಲ್ಲಿ ಅವರು ವೇಲ್ಸ್‌ನ ಬೆಟ್ಟಗಳಲ್ಲಿ ನಡೆಯಲು ಹೋಗಿ ತೀರಿಕೊಂಡರು. ಹನ್ನೊಂದು ವಾರಗಳ ಮೇಲೆ ಶವ ಸಿಕ್ಕಾಗ ಹದಿನಾಲ್ಕು ವರ್ಷದ ಆ ಮುದಿ ನಾಯಿ ಪಕ್ಕದಲ್ಲೇ ಇತ್ತು. ಅದರ ಕಂಚಿನ ಪ್ರತಿಮೆ ಈಗ ಗಾರ್ಸ್‌ಡೇಲ್ ನಿಲ್ದಾಣದಲ್ಲಿದೆ. ಗಾರ್ಸ್‌ಡೇಲ್ ಎಂದರೆ ಹಳೆಯ ಹಾವ್ಸ್ ಜಂಕ್ಷನ್. ಎರಡು ಎಂಜಿನ್‌ಗಳನ್ನು ಮರೆತ ಆ ರಾತ್ರಿಯೂ ಒಡೆಯನನ್ನು ಬಿಟ್ಟುಹೋಗದ ಆ ನಾಯಿಯೂ ಒಂದೇ ನಿಲ್ದಾಣದ ನೆನಪುಗಳಾಗಿ ಉಳಿದಿವೆ.

1989ರ ಏಪ್ರಿಲ್ 11ರಂದು ಸರ್ಕಾರ ಮಾರ್ಗವನ್ನು ಮುಚ್ಚುವುದಿಲ್ಲವೆಂದು ಪ್ರಕಟಿಸಿತು. ಅಷ್ಟರಲ್ಲಿ ಪ್ರಯಾಣಿಕರ ಸಂಖ್ಯೆ ಹಲವು ಪಟ್ಟು ಏರಿತ್ತು. 1970ರಲ್ಲಿ ಮುಚ್ಚಿದ್ದ ಎಂಟು ಚಿಕ್ಕ ನಿಲ್ದಾಣಗಳನ್ನು 1986ರಲ್ಲಿ ಮತ್ತೆ ತೆರೆದಿದ್ದರು. ಈ ಮಾರ್ಗವನ್ನು ಬರಿಯ ಬಳಕೆಯ ವಸ್ತುವಾಗಿ ನೋಡಿದ್ದರೆ ಮುಚ್ಚಲು ಲೆಕ್ಕಪತ್ರವೇ ಸಾಕಿತ್ತು. ಬಳಕೆಯನ್ನು ಮೀರಿ ಅದನ್ನು ಸವಿದವರು ಇದ್ದರು. ಅವರಲ್ಲಿ ಕ್ಯಾಮೆರಾ ಹಿಡಿದವರೂ ಸೇರಿ, ದೂರದೂರಿನವರಿಗೆ ಈ ಬೆಟ್ಟಗಳನ್ನು ಪರಿಚಯಿಸಿದ್ದರು. ಅಗಸ್ಟೀನರ ಪಯಣಿಗ ಒಬ್ಬಂಟಿ. ಅವನು ಒಮ್ಮೆ ಊರು ಸೇರಿದರೆ ವಾಹನದ ಕೆಲಸ ಮುಗಿಯಿತು. ನಾಳೆ ಬರುವ ಪಯಣಿಗನಿಗಾಗಿ ವಾಹನವನ್ನು ಉಳಿಸಿಕೊಡುವವರು ಯಾರು ಎಂಬ ಪ್ರಶ್ನೆಗೆ ಆ ಉಪಮೆಯಲ್ಲಿ ಎಡೆಯಿಲ್ಲ. ಸೆಟಲ್–ಕಾರ್ಲೈಲ್ ಎತ್ತಿದ್ದು ಇದೇ ಪ್ರಶ್ನೆಯನ್ನು. ಗಾರ್ಸ್‌ಡೇಲ್‌ನಿಂದ ಮನೆ ಸೇರಬೇಕಾದವರಿಗೆ ಗಾಡಿ ಉಳಿದದ್ದು, ಗಾಡಿಯನ್ನೇ ಪ್ರೀತಿಸಿದವರ ದೆಸೆಯಿಂದ.

2016ರ ಆರಂಭದಲ್ಲಿ ಈಡನ್ ನದಿಯ ಮೇಲಿನ ದಂಡೆ ಕುಸಿದು ಕಾರ್ಲೈಲ್ ಕಡೆಯ ಓಡಾಟ ಒಂದು ವರ್ಷಕ್ಕೂ ಹೆಚ್ಚು ಕಾಲ ನಿಂತಿತು. ಈ ಸಲ ಮುಚ್ಚುವ ಮಾತು ಎದ್ದು ನಿಲ್ಲಲಿಲ್ಲ, ಸುಮಾರು 2.3 ಕೋಟಿ ಪೌಂಡ್ ಖರ್ಚಿನಲ್ಲಿ ದಂಡೆಯನ್ನು ಗಟ್ಟಿಮಾಡಿದರು. 2017ರ ಮಾರ್ಚ್ 31ರಂದು ಮಾರ್ಗ ತೆರೆದಾಗ ಮೆರವಣಿಗೆಗೆ 'ಫ್ಲೈಯಿಂಗ್ ಸ್ಕಾಟ್ಸ್‌ಮನ್' ಬಂತು, ಗುಡ್ಡಗಳ ಮೇಲೆ ಕ್ಯಾಮೆರಾಗಳು ಸಾಲುಗಟ್ಟಿದವು. ಆಮೇಲೆ ಲೀಡ್ಸ್–ಕಾರ್ಲೈಲ್ ನಡುವಿನ ಎಂದಿನ ಡೀಸೆಲ್ ಗಾಡಿಗಳು ಶಾಲೆ, ಸಂತೆ, ಕೆಲಸಗಳಿಗೆ ಹೋಗುವವರನ್ನು ಹತ್ತಿಸಿಕೊಂಡು ಓಡತೊಡಗಿದವು.