ಇಷ್ಟು ಸಾಕು

ಮಗನ 350 ಸಿ.ಸಿ. ಬುಲೆಟ್ಟಿಗೆ ವೇಗ ಸಾಲದಂತೆ. ಸಿಲಿಂಡರ್ ಹೆಡ್ಡಿಗೆ ಪೋರ್ಟಿಂಗ್ ಮಾಡಿಸಬೇಕು ಎಂದ. ಎಂಜಿನ್ನಿಗೆ ಗಾಳಿ, ಪೆಟ್ರೋಲು ಒಳಬರುವ, ಹೊಗೆ ಹೊರಹೋಗುವ ದಾರಿಗಳನ್ನು ಒಳಗಿನಿಂದ ಉಜ್ಜಿ ತಿದ್ದುವ ಕೆಲಸವದು. ದುಡ್ಡು ನನ್ನದಾದ್ದರಿಂದ, ಬಿಚ್ಚಿದ ಹೆಡ್ಡನ್ನು ತರಕಾರಿ ಚೀಲದಲ್ಲಿಟ್ಟುಕೊಂಡು ಬೆಂಗಳೂರಿಗೆ ನಾನೂ ಹೊರಟೆ. ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ ಎರಡು ವರ್ಕ್‌ಷಾಪು ನೋಡಿದೆವು.

ಮೊದಲನೆಯವನು ಚೀಲ ಬಿಚ್ಚುವ ಮೊದಲೇ, "ಬಿಟ್ಟು ಹೋಗಿ, ರಾಕೆಟ್ ಮಾಡಿಕೊಡ್ತೀನಿ" ಎಂದ. ಮಗನ ಮುಖ ಅರಳಿತು.

ಎರಡನೆಯ ಕಡೆಯ ಹಿರಿಯರು ಪೋರ್ಟಿನೊಳಗೆ ಬೆರಳಾಡಿಸಿ, "ದಾರಿ ದೊಡ್ಡದಾದಷ್ಟೂ ಒಳ್ಳೇದಲ್ಲಮ್ಮ. ಅತಿಯಾದರೆ ಗಾಳಿಯ ಓಟ ನಿಧಾನವಾಗುತ್ತೆ, ಊರೊಳಗೆ ಗಾಡಿ ಎಳೆಯೋದಿಲ್ಲ. ಮೊದಲು ವಾಲ್ವು ಸರಿಯಾಗಿ ಕೂರಿಸೋಣ. ಎರಕದ ಗಂಟುಗಳನ್ನಷ್ಟೇ ಉಜ್ಜಿದರೆ ಸಾಕು. ತೆಗೆದದ್ದನ್ನು ಮತ್ತೆ ತುಂಬೋದು ಕಷ್ಟ" ಎಂದರು.

ಹೆಡ್ಡು ಜೋಡಿಸಿದ ಮೇಲೆ ಒಳಗೆ ಎಷ್ಟು ಉಜ್ಜಿದ್ದಾರೆಂದು ನೋಡುವವರು ಯಾರು? ಕಣ್ಣಿಗೆ ಕಾಣದ ಕೆಲಸಕ್ಕೆ ಯಾರನ್ನು ನಂಬಬೇಕು? ಹೆಚ್ಚು ಮಾಡಿದರೆ ಹೆಚ್ಚು ಹಣ ಬರುವಾಗಲೂ 'ಇಷ್ಟು ಸಾಕು' ಎನ್ನಬಲ್ಲವರನ್ನು ನಂಬಬಹುದು ಎನಿಸಿತು. ಅಲ್ಲೇ ಕೊಟ್ಟೆವು.

ಹಿಂತಿರುಗುವಾಗ ಬಸ್ಸಿನಲ್ಲಿ ಮಗ ಮುಖ ಊದಿಸಿಕೊಂಡಿದ್ದ. ನೋಡುತ್ತಾ ಕುಳಿತವಳಿಗೆ ಹಳೆಯದೊಂದು ನೆನಪಾಯಿತು. ಹತ್ತನೆಯ ತರಗತಿಯಲ್ಲಿ ಅಂಕ ಕಡಿಮೆಯಾದಾಗ, ನೆಂಟರೆದುರಿಗೇ ಅವನ ಹಾಡಿನ ಹುಚ್ಚನ್ನು ಆಡಿಕೊಂಡಿದ್ದೆ. ಅವನ ಒಳ್ಳೆಯದಕ್ಕೆಂದೇ. ಅಂಕ ಬಂತು. ಆದರೆ ಅಂದಿನಿಂದ ಅವನು ಮನೆಯಲ್ಲಿ ಹಾಡಿಲ್ಲ.

ತಿದ್ದುವ ಕೈಗೆ ಎಲ್ಲಿ ನಿಲ್ಲಬೇಕೆಂಬುದು ತಿಳಿದಿರಬೇಕು. ಆ ಹಿರಿಯರಿಗೆ ತಿಳಿದಿತ್ತು. ನನಗೆ ತಿಳಿದಿರಲಿಲ್ಲ.